ನಮ್ಮ ಸೀಮೆಯ ಗುಡ್ಡದೂರುಗಳು: ನಿನ್ನೆ, ಇಂದು, ಮುಂದೆ

ನಮ್ಮ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆ ತರಬೇಕೆಂದು ತೀರ್ಮಾನವಾದಾಗ, ಸಂಘದ ಲೆಕ್ಕಪತ್ರದ ಜೊತೆಗೆ ಊರಿನ ಇತಿಹಾಸವೂ ಒಂದಿಷ್ಟು ಇರಲಿ ಎಂದು ಹಲವು ಸದಸ್ಯರು ಸೂಚಿಸಿದರು. ಷೇರು ಬಂಡವಾಳ, ಠೇವಣಿ, ಸಾಲ, ವಸೂಲಿ ಇವೆಲ್ಲ ಬೇರೆ ಪುಟಗಳಲ್ಲಿವೆ. ಇಲ್ಲಿ ನಾವು ಹೇಳಹೊರಟಿರುವುದು ಇನ್ನೊಂದು ಬಗೆಯ ಠೇವಣಿಯ ಮಾತು. ಅದನ್ನು ಇಟ್ಟವರು ನಮ್ಮ ಹಿರಿಯರು. ಪಾಸ್‌ಬುಕ್ಕು ಇಲ್ಲ, ರಸೀದಿ ಇಲ್ಲ. ಗುಡ್ಡ, ಗುಡ್ಡದ ಬುಡದ ಊರು, ಅಗಸಿ, ಬಾವಿ, ಕಟ್ಟೆ, ಜಂತಿ ಮನೆ ಎಲ್ಲವೂ ಆ ಠೇವಣಿಯೇ. ಬಡ್ಡಿಯನ್ನು ನಾವು ಉಂಡಿದ್ದೇವೆ. ಈಗ ಅಸಲಿಗೇ ಕೈ ಹಾಕಿ ಕೂತಿದ್ದೇವೆ.

ಗುಡ್ಡದೂರು ಎಂದರೆ ಮಡಿಕೇರಿ, ಚಿಕ್ಕಮಗಳೂರಿನ ಕಡೆಯ ಮಾತು ಎಂದು ಕೆಲವರು ತಿಳಿಯಬಹುದು. ನಮ್ಮದು ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ದೋಆಬ್ ಪ್ರದೇಶ. ಕಣ್ಣು ಹಾಯುವಷ್ಟು ದೂರ ಎರೆ ಹೊಲ. ಆದರೆ ಆ ಎರೆಯ ನಡುವೆ ಯಾರೋ ತಂದು ಒಟ್ಟಿದಂತೆ ಬಂಡೆಗಲ್ಲಿನ ಗುಡ್ಡಗಳು ಎದ್ದು ನಿಂತಿವೆ. ರಾಯಚೂರು ನಗರವೇ ಒಂದು ಗುಡ್ಡದ ಸುತ್ತ ಬೆಳೆದದ್ದು. ದೇವದುರ್ಗದ ಹೆಸರಿನಲ್ಲೇ ದುರ್ಗವಿದೆ. ಮಾನ್ವಿ ಸೀಮೆಯಲ್ಲಿ ಕಲ್ಲೂರು ಎಂಬ ಊರಿದೆ. ಹೆಸರುಗಳನ್ನು ಕೇಳಿದರೇ ಸಾಕು, ಇಲ್ಲಿಯ ಜನ ಕಲ್ಲನ್ನು ನಂಬಿ ಬದುಕಿದವರು ಎಂಬುದು ತಿಳಿಯುತ್ತದೆ.

ಗುಡ್ಡದ ಬುಡವೇ ಏಕೆ?

ಎರೆ ಭೂಮಿ ಬೆಳೆಗೆ ಒಳ್ಳೆಯದು, ಮನೆಗೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಗೋಡೆ ಸೀಳುತ್ತದೆ. ಗುಡ್ಡದ ಬುಡದಲ್ಲಿ ನೆಲ ಗಟ್ಟಿ. ಬಂಡೆಯ ಮೇಲೆ ಬಿದ್ದ ಮಳೆನೀರು ಹರಿದು ಬಂದು ಬುಡದ ಮಸಾರಿಯಲ್ಲಿ ಇಂಗುತ್ತದೆ. ಅದಕ್ಕೇ ಗುಡ್ಡದ ಕೆಳಗಿನ ಬಾವಿಗೆ ಬೇಸಿಗೆಯಲ್ಲೂ ಸೆಲೆ ಇರುತ್ತದೆ. ಕಟ್ಟಲು ಕಲ್ಲು ಅಲ್ಲೇ, ಕುರಿ ಮೇಯಲು ಜಾಗ ಅಲ್ಲೇ, ದಂಡು ಬಂದರೆ ಅಡಗಲು ಗವಿಯೂ ಅಲ್ಲೇ. ಫಲವತ್ತಾದ ಹೊಲವನ್ನು ಮನೆ ಕಟ್ಟಿ ಕೆಡಿಸದೆ, ಗಟ್ಟಿ ನೆಲದಲ್ಲಿ ಊರು ಕಟ್ಟಿ ಕೂತ ಬುದ್ಧಿ ಯಾವ ಶಾಲೆಯಲ್ಲಿ ಕಲಿತದ್ದಲ್ಲ.

ಈ ಬುದ್ಧಿ ಎಷ್ಟು ಹಳೆಯದು? ಮುದಗಲ್ಲಿನ ಸಮೀಪದ ಪಿಕ್ಲಿಹಾಳದ ಗುಡ್ಡಗಳಲ್ಲಿ 1952ರಲ್ಲಿ ಆಲ್ಚಿನ್ ಎಂಬ ಇಂಗ್ಲೆಂಡಿನ ವಿದ್ವಾಂಸರು ಉತ್ಖನನ ನಡೆಸಿದರು. ಅಲ್ಲಿ ಸಿಕ್ಕಿದ್ದು ನವಶಿಲಾಯುಗದ ದನಗಾಹಿಗಳ ನೆಲೆ. ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆಯೇ ಅಲ್ಲಿಯ ಜನ ಬಂಡೆಗಳ ನಡುವೆ ದನ ಕಟ್ಟಿಕೊಂಡು ಬದುಕಿದ್ದರು, ಬಂಡೆಗಳ ಮೇಲೆ ಹೋರಿಗಳ ಚಿತ್ರ ಕೊರೆದಿದ್ದರು. ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅವರು ನಡೆಸಿದ ಉತ್ಖನನದಲ್ಲಿಯೂ ಗುಡ್ಡದ ಬುಡದ ಒಂದೇ ನೆಲೆಯಲ್ಲಿ ನವಶಿಲಾಯುಗದಿಂದ ಮಧ್ಯಕಾಲದವರೆಗಿನ ವಸತಿಯ ಪದರಗಳು ಕಂಡವು. ಕಲ್ಲೂರಿನ ಗುಡ್ಡದಲ್ಲಿ ಸಿಕ್ಕ ತಾಮ್ರದ ಕತ್ತಿಗಳ ಹೆಸರು ಪ್ರಾಚೀನ ಇತಿಹಾಸದ ಪುಸ್ತಕಗಳಲ್ಲಿ ಬರುತ್ತದೆ. ನಮ್ಮವರೇ ಎಷ್ಟೋ ಜನಕ್ಕೆ ಈ ಸಂಗತಿ ಗೊತ್ತಿಲ್ಲ.

ಮಸ್ಕಿಯ ಇನ್ನೊಂದು ಕೀರ್ತಿ ಎಲ್ಲರಿಗೂ ತಿಳಿದದ್ದೇ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರು ಗುಡ್ಡದ ಒಂದು ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರಗಳನ್ನು ಕಂಡರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯ ಮೇಲೆ 'ಅಶೋಕ' ಎಂಬ ಹೆಸರೇ ಸಿಕ್ಕಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಜಗತ್ತಿಗೆ ಖಚಿತಪಡಿಸಿದ್ದು ನಮ್ಮ ಜಿಲ್ಲೆಯ ಒಂದು ಗುಡ್ಡದ ಕಲ್ಲು. ಚಿನ್ನ ಹುಡುಕಲು ಹೋದವನಿಗೆ ಚಿನ್ನಕ್ಕಿಂತ ದೊಡ್ಡದು ಸಿಕ್ಕಿತು. ಆ ಬಂಡೆಯನ್ನು ಅದಕ್ಕೂ ಮುಂಚೆ ಯಾರಾದರೂ ಗೋಡೆಯ ಬುನಾದಿಗೆಂದು ಒಡೆದಿದ್ದರೆ? ಈ ಪ್ರಶ್ನೆಯನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಕೋಟೆ ಕಟ್ಟಿದವರು

ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಹೆಚ್ಚು ಉದ್ದದ ಒಂದು ಕಲ್ಲಿದೆ. ಅದರ ಮೇಲಿನ ಶಾಸನ 1294ನೇ ಇಸವಿಯದು. ಓರಂಗಲ್ಲಿನ ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದ ಸಂಗತಿ ಅದರಲ್ಲಿದೆ. ಶಾಸನಕ್ಕಿಂತ ನಮ್ಮ ಕಣ್ಣು ಹಿಡಿಯುವುದು ಅಲ್ಲಿಯ ಗೋಡೆಯ ಮೇಲೆ ಗೀರಿದ ಚಿತ್ರ. ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಏರಿಸಿದ್ದಾರೆ. ಮುಂದೆ ಕೋಣಗಳ ಜೋಡಿಗಳ ಸಾಲು. ಬಂಡಿಯ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಆಳುಗಳು. ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಎಳೆದವರ ಹೆಸರಿಲ್ಲ, ಆದರೆ ಅವರ ಚಿತ್ರವಿದೆ. ಒಬ್ಬನಿಂದ ಆಗದ ಕೆಲಸವನ್ನು ಹತ್ತು ಜನ ಕೂಡಿ ಮಾಡಿದ್ದಕ್ಕೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ರಾಯಚೂರಿನ ಮುಂಗಾರು ಹಬ್ಬದಲ್ಲಿ ಕಾರಹುಣ್ಣಿಮೆಗೆ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಪಂದ್ಯ ನೋಡಿದವರಿಗೆ ಆ ಗೋಡೆಯ ಚಿತ್ರ ನೆನಪಾಗದೆ ಇರದು.

ಆ ಮೇಲೆ ಬಹಮನಿಗಳು, ವಿಜಯನಗರದವರು, ಬಿಜಾಪುರದ ಆದಿಲಶಾಹಿಗಳು ಈ ದೋಆಬಿಗಾಗಿ ಕಾದಾಡಿದರು. 1520ರ ರಾಯಚೂರು ಕದನದಲ್ಲಿ ಕೃಷ್ಣದೇವರಾಯ ಗೆದ್ದದ್ದನ್ನು ಪೋರ್ತುಗೀಸ್ ವರ್ತಕ ನೂನಿಜ್ ವಿವರವಾಗಿ ಬರೆದಿಟ್ಟಿದ್ದಾನೆ. ರಾಯಚೂರಿನ ಗುಡ್ಡದ ತುದಿಯ ಬಾಲಾ ಹಿಸಾರ್, ಎರಡು ಕಲ್ಲಾನೆಗಳ ಮಲಿಯಾಬಾದ್ ಕೋಟೆ, ಮುದಗಲ್ಲು, ಜಲದುರ್ಗ, ಬೇಡ ನಾಯಕರ ನೆಲೆಯಾಗಿದ್ದ ದೇವದುರ್ಗ, ಇವೆಲ್ಲ ಆ ಶತಮಾನಗಳ ಗುರುತುಗಳು. ಯುದ್ಧದ ಕಥೆ ಶಾಲೆಯ ಪುಸ್ತಕದಲ್ಲಿದೆ, ಇಲ್ಲಿ ಬೆಳೆಸುವುದಿಲ್ಲ. ನಾವು ಗಮನಿಸಬೇಕಾದ್ದು ಇಷ್ಟೇ: ಮೇಲೆ ಕೋಟೆ, ಕೆಳಗೆ ಕೆರೆ, ನಡುವೆ ಊರು. ರಾಯಚೂರಿನಲ್ಲಿ ಕೋಟೆಯ ಮಗ್ಗುಲಲ್ಲೇ ಮಾವಿನ ಕೆರೆ ಇರುವುದು ಇದೇ ಲೆಕ್ಕಾಚಾರದಿಂದ. ರಾಜರು ಬದಲಾದರು, ಈ ಏರ್ಪಾಡು ಬದಲಾಗಲಿಲ್ಲ.

ಕೋಟೆಗಳಷ್ಟೇ ಅಲ್ಲ. ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳೂ ಶಾಸನಗಳೂ ಇವೆ. ಮಾನ್ವಿಯಲ್ಲಿ ಬಾಳಿದ ಜಗನ್ನಾಥದಾಸರು 'ಹರಿಕಥಾಮೃತಸಾರ' ರಚಿಸಿದರು. ಅದೇ ಸೀಮೆಯ ಚೀಕಲಪರ್ವಿ ವಿಜಯದಾಸರ ಹುಟ್ಟೂರು. ದಾಸರ ಪದವೂ, ಸೂಫಿಗಳ ದರ್ಗಾದ ಉರುಸೂ, ಶರಣರ ವಚನವೂ ಒಂದೇ ಊರಿನ ಓಣಿಗಳಲ್ಲಿ ಕೇಳಿದ ಸೀಮೆ ನಮ್ಮದು. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಎಲ್ಲ ಜಾತಿ ಧರ್ಮದವರೂ ಇರುತ್ತಾರೆ. ಇದಕ್ಕೆಲ್ಲ ಜಾಗ ಕೊಟ್ಟದ್ದು ಹಳೆಯ ಊರಿನ ಕಟ್ಟೆ, ಅಗಸಿ ಮತ್ತು ಬಯಲು. ಜಾಗ ಹೋದರೆ ಆಚರಣೆ ಎಷ್ಟು ದಿನ ಉಳಿದೀತು?

ಊರು ಎಂಬ ಯಂತ್ರ

ಹಳೆಯ ಊರನ್ನು ನಮ್ಮ ಇಂದಿನ ಹುಡುಗರು 'ಹಳೆ ಮಣ್ಣಿನ ಮನೆ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದು ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಒಮ್ಮೆ ನೋಡೋಣ.

ಊರಿಗೆ ಒಂದು ಅಗಸಿ. ಸಂಜೆ ದನ ಬರುವ ದಾರಿ, ಮದುವೆಯ ದಿಬ್ಬಣ ಬರುವ ದಾರಿ, ಹೆಣ ಹೋಗುವ ದಾರಿ ಎಲ್ಲ ಅದೇ. ಊರ ನಡುವೆ ಹುಡೇವು. ದಂಡು, ದರೋಡೆಯ ಕಾಲದಲ್ಲಿ ಕಾವಲು ಕೂರಲು ಕಟ್ಟಿದ್ದು. ಬೇವಿನ ಮರದ ಕೆಳಗೆ ಕಟ್ಟೆ, ಅದು ಊರ ನ್ಯಾಯದ ಸ್ಥಳ. ಓಣಿಗಳು ಇಕ್ಕಟ್ಟು ಎಂದು ನಾವು ಬೈಯುತ್ತೇವೆ. ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ಒಂದು ಮನೆಯ ನೆರಳು ಎದುರು ಮನೆಯ ಗೋಡೆಯ ಮೇಲೆ ಬೀಳಲೆಂದೇ ಅವು ಇಕ್ಕಟ್ಟು.

ಮನೆಯ ಗೋಡೆ ಎರಡು ಅಡಿಗೂ ದಪ್ಪ. ಕಲ್ಲು ಗುಡ್ಡದ್ದು, ಮಣ್ಣು ಊರದ್ದು. ಬಾಗಿಲು ದಾಟಿದರೆ ದನದ ಅಂಕಣ, ಗ್ವಾದಲಿ. ಒಂದು ಮೆಟ್ಟಿಲು ಏರಿದರೆ ಪಡಸಾಲೆ. ಒಳಗೆ ಅಡಿಗೆ ಮನೆ, ದೇವರ ಜಗಲಿ. ಜೋಳ ತುಂಬಲು ಹಗೇವು. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆ, ಅದರ ಮೇಲೆ ಸೊಪ್ಪು ಹಾಸಿ ಕಲಸಿದ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣು. ಸವಳು ಮಣ್ಣೇ ಏಕೆಂದರೆ ಅದರಲ್ಲಿ ಹುಲ್ಲು ಅಷ್ಟಾಗಿ ಹುಟ್ಟುವುದಿಲ್ಲ, ನೀರು ಬಿದ್ದರೆ ಮೆತ್ತಿಕೊಂಡು ಬಿರುಕು ಮುಚ್ಚುತ್ತದೆ. ನಡುವೆ ಒಂದು ಬೆಳಕಿಂಡಿ. ಬೆಳಕೂ ಅದರಿಂದಲೇ, ಹೊಗೆಯೂ ಅದರಿಂದಲೇ. ಮಳೆ ಬಂದರೆ ಮುಚ್ಚುವುದು ಮನೆಯ ಹುಡುಗರ ಕೆಲಸ.

ಇಂಥ ಮನೆ ನೂರು ವರ್ಷ ನಿಲ್ಲುತ್ತದೆ. ಆದರೆ ಒಂದು ಕರಾರು ಇದೆ. ಪ್ರತಿ ವರ್ಷ ಮಿರಗದ ಮಳೆಗೆ ಮುಂಚೆ ಮಾಳಿಗೆ ಹತ್ತಿ, ಹುಲ್ಲು ಕಿತ್ತು, ದೋಣಿ ಸರಿಮಾಡಿ, ಸವಳು ಮಣ್ಣು ಹಾಕಬೇಕು. ಒಂದು ವರ್ಷ ಬಿಟ್ಟರೆ ಸೋರುತ್ತದೆ. ಎರಡು ವರ್ಷ ಬಿಟ್ಟರೆ ಜಂತಿ ಕೊಳೆಯುತ್ತದೆ. ಮೂರನೇ ವರ್ಷ ಮಾಳಿಗೆ ಕೂರುತ್ತದೆ. ಕಲ್ಲಿನ ದೋಷವಲ್ಲ, ಮಣ್ಣಿನ ದೋಷವೂ ಅಲ್ಲ. ಕೈ ಬಿಟ್ಟ ದೋಷ.

ಈ ಕೆಲಸ ಒಬ್ಬರಿಂದ ಆಗುತ್ತಿರಲಿಲ್ಲ. ಓಣಿಯವರೆಲ್ಲ ಮುಯ್ಯಾಳಿನ ಲೆಕ್ಕದಲ್ಲಿ ಮಾಡುತ್ತಿದ್ದರು. 'ಇವತ್ತು ನಿಮ್ಮ ಮನೀಗೆ ನಾವು ಬರ್ತೀವಿ, ನಾಳೆ ನಮ್ಮ ಮನೀಗೆ ನೀವು ಬರ್ರಿ' ಎನ್ನುವುದೇ ಒಪ್ಪಂದ. ಸವಳು ತರಲು ಒಬ್ಬರ ಬಂಡಿ, ಬುಟ್ಟಿ ಹೊರಲು ಇನ್ನೊಬ್ಬರ ಮನೆಯ ಆಳು. ಬಾವಿಯ ಹೂಳು ತೆಗೆಯುವುದಾಗಲಿ, ಗುಡ್ಡದ ನೀರಿನ ಕಾಲುವೆ ಬಿಡಿಸುವುದಾಗಲಿ ಇದೇ ರೀತಿ. ಸಹಕಾರ ಎಂಬ ಶಬ್ದ ಆಗ ನಮ್ಮ ಊರುಗಳಲ್ಲಿ ಇರಲಿಲ್ಲ, ಸಹಕಾರ ಇತ್ತು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಮಾಡಿದ್ದು ಏನು? ಹಳ್ಳಿಯಲ್ಲಿ ಆಗಲೇ ಇದ್ದ ಮುಯ್ಯಿಯನ್ನು ದುಡ್ಡಿನ ವ್ಯವಹಾರಕ್ಕೂ ತಂದದ್ದು. ನಮ್ಮ ಸಂಘವೂ ಆ ಬಳ್ಳಿಯ ಒಂದು ಕುಡಿ.

ಏನು ಬದಲಾಯಿತು?

1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಯಿತು. ಎಡದಂಡೆ ಕಾಲುವೆ ಬಂದು ಸಿಂಧನೂರು, ಮಾನ್ವಿ ಭಾಗದ ಹೊಲಗಳು ಗದ್ದೆಗಳಾದವು. ಕಾಲುವೆಯ ಮಗ್ಗುಲಲ್ಲಿ ಕ್ಯಾಂಪುಗಳು ಎದ್ದವು. ಮುಂದೆ ನಾರಾಯಣಪುರದ ಬಲದಂಡೆ ಕಾಲುವೆಯಿಂದ ದೇವದುರ್ಗದ ಕಡೆಗೂ ನೀರು ಬಂತು. ಇದು ದೊಡ್ಡ ಪುಣ್ಯವೇ. ಬರದ ಸೀಮೆ ಅನ್ನ ಕಂಡಿತು. ಆದರೆ ಊರಿನ ಮುಖ ತಿರುಗಿತು. ಗುಡ್ಡದ ಕಡೆ ನೋಡುತ್ತಿದ್ದ ಊರು ಕಾಲುವೆ ಮತ್ತು ಡಾಂಬರು ರಸ್ತೆಯ ಕಡೆ ನೋಡತೊಡಗಿತು. ಮೋಟರು ಬಂದಮೇಲೆ ಗುಡ್ಡದ ಬುಡದ ಬಾವಿ ಕಸದ ತಿಪ್ಪೆಯಾಯಿತು. ದನ ಕಡಿಮೆಯಾದವು, ದನದ ಅಂಕಣ ಖಾಲಿಯಾಯಿತು. ಜಂತಿಗೆ ಬೇಕಾದ ಮರ ದುಬಾರಿಯಾಯಿತು. ನೀರು ತಲುಪದ ಹಳ್ಳಿಗಳ ಜನ ಬೆಂಗಳೂರು, ಹೈದರಾಬಾದಿಗೆ ಗುಳೆ ಹೋದರು. ಮಿರಗಕ್ಕೆ ಮುಂಚೆ ಮಾಳಿಗೆ ಹತ್ತುವವರು ಯಾರು? ಮುಯ್ಯಾಳು ಕೊಡಲು ಆಳೇ ಊರಲ್ಲಿ ಇಲ್ಲ.

ಆಗ ಬಂತು 2009. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಸುರಿದ ಮಳೆ, ಉಕ್ಕಿದ ಹೊಳೆ ಯಾರೂ ಮರೆತಿಲ್ಲ. ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಸಾಲುಸಾಲಾಗಿ ಕುಸಿದವು. ಮಲಗಿದಲ್ಲೇ ಪ್ರಾಣ ಬಿಟ್ಟವರಿದ್ದಾರೆ. ಆದ್ದರಿಂದ ಹಳೆಯ ಮನೆಯ ಬಗ್ಗೆ ಯಾರಾದರೂ ಹೆದರಿಕೆಯಿಂದ ಮಾತಾಡಿದರೆ ಅದನ್ನು ಅಜ್ಞಾನ ಎನ್ನಲು ನಾವು ತಯಾರಿಲ್ಲ. ದೂರದ ಗುಡ್ಡ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಇದೆಯಲ್ಲ, ಹಳೆಯ ಮನೆಯೂ ಹಾಗೆಯೇ. ಪಟ್ಟಣದಿಂದ ಫೋಟೋ ತೆಗೆಯಲು ಬಂದವರಿಗೆ ಚೆಂದ, ಒಳಗೆ ಸೋರುವ ನೀರಿಗೆ ಪಾತ್ರೆ ಇಡುವವಳಿಗೆ ಅಲ್ಲ.

ಆ ನಂತರ 'ಆಸರೆ' ಯೋಜನೆಯಲ್ಲಿ ಹೊಸ ಮನೆಗಳು, ಹೊಸ ಊರುಗಳು ಆದವು. ಅನೇಕರಿಗೆ ಗಟ್ಟಿ ಸೂರು ಸಿಕ್ಕಿತು, ಅದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೂ ಹಲವು ಕಡೆ ಜನ ಹೊಸ ಮನೆಗೆ ಹೋಗಲು ಹಿಂದೆಮುಂದೆ ನೋಡಿದರು. ದನ ಎಲ್ಲಿ ಕಟ್ಟಬೇಕು, ರಾಶಿ ಎಲ್ಲಿ ಇಡಬೇಕು, ಹೊಲ ಎಷ್ಟು ದೂರ, ದೇವರ ಗುಡಿ ಹಳೆ ಊರಲ್ಲೇ ಉಳಿಯಿತಲ್ಲ ಎಂಬುದು ಅವರ ಮಾತು. ಮನೆ ಬೇರೆ, ಊರು ಬೇರೆ ಎಂಬುದು ಆಗ ಗೊತ್ತಾಯಿತು. ಮನೆಯನ್ನು ಗುತ್ತಿಗೆ ಕೊಟ್ಟು ಕಟ್ಟಿಸಬಹುದು. ಊರನ್ನು ಗುತ್ತಿಗೆ ಕೊಡಲಾಗುವುದಿಲ್ಲ.

ಆನೆಗೊಂದಿಯ ಪಾಠ

ಹಾಗಾದರೆ ಗುಡ್ಡದ ಊರನ್ನು ಜನರಿರುವಂತೆಯೇ ಉಳಿಸಿಕೊಂಡ ಉದಾಹರಣೆ ಎಲ್ಲಾದರೂ ಇದೆಯೇ? ಇದೆ, ಅದೂ ಒಂದು ಕಾಲಕ್ಕೆ ನಮ್ಮ ಜಿಲ್ಲೆಯದೇ ಆಗಿದ್ದ ಊರು. ಗಂಗಾವತಿ ತಾಲೂಕಿನ ಆನೆಗೊಂದಿ 1997ರಲ್ಲಿ ಕೊಪ್ಪಳ ಜಿಲ್ಲೆ ಆಗುವವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ತುಂಗಭದ್ರೆಯ ಉತ್ತರ ದಂಡೆ, ಎದುರಿಗೆ ಹಂಪಿ, ಸುತ್ತ ಬಂಡೆಗುಡ್ಡ. ವಿಜಯನಗರಕ್ಕಿಂತ ಹಳೆಯ ಊರು. ಕೋಟೆ ಬಾಗಿಲುಗಳು, ಗಗನಮಹಲು, ರಂಗನಾಥನ ಗುಡಿ, ಅವುಗಳ ನಡುವೆಯೇ ರೈತರ ಮನೆಗಳು.

1986ರಲ್ಲಿ ಹಂಪಿಯ ಸ್ಮಾರಕಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 1999ರಲ್ಲಿ ಅವನ್ನು 'ಅಪಾಯದಲ್ಲಿರುವ' ಪಟ್ಟಿಗೆ ಹಾಕಿದರು. ಮುಖ್ಯ ಕಾರಣಗಳಲ್ಲಿ ಒಂದು, ಆನೆಗೊಂದಿಗೆಂದು ಹೊಳೆಗೆ ಕಟ್ಟುತ್ತಿದ್ದ ಸೇತುವೆ. ಜನರಿಗೆ ದಾಟಲು ಸೇತುವೆ ಬೇಕು, ಪರಂಪರೆಗೆ ಅದು ಧಕ್ಕೆ ಎಂಬ ಜಗ್ಗಾಟ ವರ್ಷಗಟ್ಟಲೆ ನಡೆಯಿತು. 2002ರಲ್ಲಿ ಹಂಪಿ ಪ್ರದೇಶದ ನಿರ್ವಹಣೆಗೆ ಪ್ರತ್ಯೇಕ ಕಾಯ್ದೆ ಬಂದು ಪ್ರಾಧಿಕಾರ ಆಯಿತು. 2006ರಲ್ಲಿ ಅಪಾಯದ ಪಟ್ಟಿಯಿಂದ ಹಂಪಿಯನ್ನು ತೆಗೆದರು. 2009ರ ಜನವರಿಯಲ್ಲಿ ಆ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕೂಲಿಕಾರರು ಸತ್ತರು. 2011ರಲ್ಲಿ ಹಂಪಿ ಬಜಾರಿನ ಕಲ್ಲು ಮಂಟಪಗಳಲ್ಲಿ ವಾಸವಿದ್ದ, ಅಂಗಡಿ ಇಟ್ಟಿದ್ದ ಕುಟುಂಬಗಳನ್ನು ತೆರವು ಮಾಡಿದರು. ಮಂಟಪಗಳು ಮೊದಲಿನಂತೆ ಕಂಡವು, ಆದರೆ ದೀಪ ಹಚ್ಚುವ ಮನೆ ಇಲ್ಲವಾಯಿತು. ಯಾರದು ಸರಿ ಎಂಬ ವಾದಕ್ಕೆ ನಾವು ಹೋಗುವುದಿಲ್ಲ. ಕಲ್ಲು ಮತ್ತು ಜನ ಎದುರುಬದುರು ನಿಂತರೆ ಇಬ್ಬರಿಗೂ ನಷ್ಟ ಎಂಬುದಂತೂ ಕಣ್ಣಿಗೆ ಕಂಡಿತು.

ಹೊಳೆಯ ಈಚೆ ಆನೆಗೊಂದಿಯಲ್ಲಿ ಇನ್ನೊಂದು ದಾರಿ ಹಿಡಿದರು. ಕಲಾವಿದೆ ಶಮಾ ಪವಾರ್ ಅವರು 1997ರಲ್ಲಿ ಆರಂಭಿಸಿದ ಕಿಷ್ಕಿಂದಾ ಟ್ರಸ್ಟು ಊರವರ ಜೊತೆ ಕೂಡಿ ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡುವ ಕೆಲಸಕ್ಕೆ ಕೈ ಹಾಕಿತು. ಹಳ್ಳಿಯ ಮನೆಯ ರೀತಿಯಲ್ಲೇ ಪ್ರವಾಸಿಗಳಿಗೆ ವಸತಿ ಆಯಿತು. ಅದಕ್ಕೆ ಊರಮ್ಮನ ಹೆಸರು. ಬಾಳೆತೋಟದಲ್ಲಿ ಬಿಸಾಡುತ್ತಿದ್ದ ದಿಂಡಿನಿಂದ ನಾರು ತೆಗೆದು ಚೀಲ, ಬುಟ್ಟಿ, ಚಾಪೆ ಮಾಡುವುದನ್ನು ಹೆಣ್ಣುಮಕ್ಕಳು ಕಲಿತರು. ಮನೆಗೆಲಸ, ಹೊಲದ ಕೂಲಿ ಬಿಟ್ಟರೆ ಬೇರೆ ಗಳಿಕೆ ಇಲ್ಲದಿದ್ದವರ ಕೈಗೆ ತಮ್ಮದೇ ದುಡ್ಡು ಬಂತು. ಇದರಿಂದ ಊರಿನ ಎಲ್ಲ ಕಷ್ಟ ಬಗೆಹರಿಯಿತು ಎಂದು ನಾವು ಹೇಳುತ್ತಿಲ್ಲ. ಪ್ರವಾಸಿಗಳು ಹೆಚ್ಚಿದಲ್ಲಿ ಜಾಗದ ಬೆಲೆ ಏರುತ್ತದೆ, ಹೊರಗಿನವರ ಕಣ್ಣು ಬೀಳುತ್ತದೆ, ಅದು ಬೇರೆ ತಲೆನೋವು. 2020ರಲ್ಲಿ ಹಂಪಿಯ ಎದುರಿನ ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ಆದೇಶದ ಮೇಲೆ ತೆರವು ಮಾಡಿದ್ದು ಇದೇ ಕಥೆಯ ಇನ್ನೊಂದು ತುದಿ. ಆದರೂ ಆನೆಗೊಂದಿಯಿಂದ ಕಲಿಯುವುದು ಇದೆ: ಹಳೆಯ ಮನೆ ಉಳಿಯಬೇಕಾದರೆ ಅದರಲ್ಲಿ ಇರುವವರಿಗೆ ಅಲ್ಲೇ ಒಂದು ಗಳಿಕೆ ಇರಬೇಕು.

ಆನೆಗೊಂದಿಯಿಂದ ದೂರವಿಲ್ಲದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಜನ 'ಮೊರ್ಯರ ಗುಡ್ಡ' ಎಂದು ಕರೆಯುವ ಶಿಲಾಸಮಾಧಿಗಳಿವೆ. ಸುಮಾರು ನಾಲ್ಕು ನೂರು. ಬಾರಿಸಿದರೆ ನಗಾರಿಯಂತೆ ಸದ್ದು ಕೊಡುವ ಒಂದು ಕಲ್ಲೂ ಇದೆ. 2021ರಲ್ಲಿ ಈ ನೆಲೆ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರುವ ಮುಂಚೆ ಎರಡು ಸಾವಿರಕ್ಕೂ ಹೆಚ್ಚು ವರ್ಷ ಅದನ್ನು ಉಳಿಸಿದ್ದು ಯಾವ ಇಲಾಖೆ? ಅದು ಮೊರ್ಯರ ಜಾಗ, ಮುಟ್ಟಬಾರದು ಎಂಬ ಜನರ ನಂಬಿಕೆಯೂ ಅದಕ್ಕೆ ಬೇಲಿಯಾಗಿತ್ತು.

ಜಪಾನಿನ ಒಂದು ಹಳ್ಳಿ

ಇದೇ ಮಾತಿಗೆ ದೂರದ ದೇಶದ ಒಂದು ಸಾಕ್ಷಿ ಕೊಡುತ್ತೇವೆ. ಜಪಾನಿನ ಬೆಟ್ಟಗಳ ನಡುವೆ ಶಿರಾಕವಾ ಎಂಬ ಹಳ್ಳಿ ಇದೆ. ಚಳಿಗಾಲದಲ್ಲಿ ಆಳೆತ್ತರ ಹಿಮ ಬೀಳುವ ಸ್ಥಳ. ಹಿಮ ಜಾರಿ ಹೋಗಲೆಂದು ಮನೆಯ ಹುಲ್ಲು ಮಾಡು ಕೈಮುಗಿದ ಹಾಗೆ ಕಡಿದಾಗಿರುತ್ತದೆ. ಅಟ್ಟದ ಮೇಲೆ ರೇಷ್ಮೆ ಹುಳು ಸಾಕುತ್ತಿದ್ದರು. ನಮ್ಮ ಮಾಳಿಗೆಗೆ ಸವಳು ಇದ್ದ ಹಾಗೆ ಅವರ ಮಾಡಿಗೆ ಹುಲ್ಲು. ಹಲವು ವರ್ಷಕ್ಕೊಮ್ಮೆ ಹುಲ್ಲು ಬದಲಿಸುವಾಗ ಊರಿನ ನೂರಾರು ಜನ ಒಟ್ಟಿಗೆ ಮಾಡು ಹತ್ತಿ ಒಂದೆರಡು ದಿನದಲ್ಲಿ ಮುಗಿಸುತ್ತಾರೆ. ಇದಕ್ಕೆ ಅವರು ಇಟ್ಟ ಹೆಸರು 'ಯುಇ'. ನಮ್ಮ ಮುಯ್ಯಿಗೂ ಅವರ ಯುಇಗೂ ಶಬ್ದದಲ್ಲಿ ಸಂಬಂಧವಿಲ್ಲ, ಅರ್ಥದಲ್ಲಿ ಇಬ್ಬರೂ ಅಣ್ಣತಮ್ಮಂದಿರು.

ಅಲ್ಲಿಯೂ ಅಣೆಕಟ್ಟು ಬಂತು, ಕೆಲವು ಹಳ್ಳಿಗಳು ಮುಳುಗಿದವು, ಜನ ಮನೆ ಮಾರಿ ಪಟ್ಟಣಕ್ಕೆ ಹೋದರು. ಆಗ 1971ರಲ್ಲಿ ಶಿರಾಕವಾದ ಓಗಿಮಾಚಿ ಎಂಬ ಊರಿನ ಜನ ಸಂಘ ಕಟ್ಟಿ ಮೂರು ನಿಯಮ ಮಾಡಿಕೊಂಡರು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ಸರ್ಕಾರದ ಮಾನ್ಯತೆ ಆಮೇಲೆ ಬಂತು. 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೊದಲು ಊರವರ ಒಪ್ಪಂದ, ಆಮೇಲೆ ಸರ್ಕಾರದ ಫಲಕ. ನಮ್ಮಲ್ಲಿ ಫಲಕ ಮೊದಲು ನೆಟ್ಟು ಒಪ್ಪಂದವನ್ನು ಮರೆಯುತ್ತೇವೆ.

ಸಂಘ ಏನು ಮಾಡಬಹುದು?

ಈಗ ನಮ್ಮ ಊರಿನ ಮಾತು. ನಮ್ಮಲ್ಲಿ ಗಗನಮಹಲು ಇಲ್ಲ, ಅಶೋಕನ ಶಾಸನವೂ ಇಲ್ಲ. ಪ್ರವಾಸಿಗಳ ಬಸ್ಸು ಬಂದು ನಿಲ್ಲುತ್ತದೆ ಎಂಬ ಕನಸನ್ನೂ ನಾವು ಮಾರುವುದಿಲ್ಲ. ನಮ್ಮ ಮಕ್ಕಳಿಗೆ ವಾಸಯೋಗ್ಯವಾದ ಊರು ಉಳಿದರೆ ಅದೇ ದೊಡ್ಡದು. ಅದಕ್ಕಾಗಿ ಬೆಳ್ಳಿ ಹಬ್ಬದ ವರ್ಷದಲ್ಲಿ ಸದಸ್ಯರ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇವೆ.

ಮೊದಲನೆಯದು, ಎಣಿಕೆ. ಊರಿನಲ್ಲಿ ಎಷ್ಟು ಜಂತಿ ಮನೆಗಳಿವೆ, ಎಷ್ಟರಲ್ಲಿ ಜನ ಇದ್ದಾರೆ, ಎಷ್ಟು ಬಾವಿ, ಎಷ್ಟು ವೀರಗಲ್ಲು, ಯಾವ ಬಂಡೆಯ ಮೇಲೆ ಗೀರುಚಿತ್ರ ಇದೆ, ಒಂದು ರಿಜಿಸ್ಟರಿನಲ್ಲಿ ಬರೆದಿಡೋಣ. ಶಾಲೆಯ ಮಕ್ಕಳು, ಮಾಸ್ತರರು ಕೂಡಿದರೆ ಒಂದು ಬೇಸಿಗೆಯ ಕೆಲಸ. ಲೆಕ್ಕವಿಲ್ಲದ ಆಸ್ತಿ ಮೊದಲು ಕಳೆದುಹೋಗುತ್ತದೆ ಎಂಬುದು ಸಹಕಾರ ಸಂಘದವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಎರಡನೆಯದು, ದುರಸ್ತಿ. ಹೊಸ ಮನೆಗೆ ಸಾಲ ಸಿಗುತ್ತದೆ, ಹಳೆಯ ಮನೆಯ ಮಾಳಿಗೆ ದುರಸ್ತಿಗೆ ಸಾಲ ಕೇಳಿದರೆ ಮುಖ ನೋಡುತ್ತಾರೆ. ಮಿರಗಕ್ಕೆ ಮುಂಚೆ ಕೊಟ್ಟು ಸುಗ್ಗಿಯಲ್ಲಿ ವಸೂಲು ಮಾಡುವ ಸಣ್ಣ ದುರಸ್ತಿ ಸಾಲವನ್ನು, ನಿಯಮಗಳಿಗೆ ಒಳಪಟ್ಟು, ಆಡಳಿತ ಮಂಡಳಿ ಯೋಚಿಸಬೇಕು. ಜಂತಿ ಕೊಳೆತ ಕಡೆ ಕಬ್ಬಿಣದ ತೊಲೆ ಕೊಟ್ಟರೂ ತಪ್ಪಿಲ್ಲ, ಶೌಚಾಲಯ, ಗಾಳಿ ಬೆಳಕಿನ ಕಿಟಕಿ ಮಾಡಿದರೂ ತಪ್ಪಿಲ್ಲ. ಉಳಿಸುವುದೆಂದರೆ ನಮ್ಮ ಹೆಣ್ಣುಮಕ್ಕಳನ್ನು ಹೊಗೆಯಲ್ಲಿ ಕೂರಿಸುವುದು ಎಂದಲ್ಲ. ಪೂರ್ತಿ ಶಿಥಿಲವಾದದ್ದನ್ನು ಇಳಿಸಲೇಬೇಕು, ಜೀವಕ್ಕಿಂತ ಗೋಡೆ ದೊಡ್ಡದಲ್ಲ.

ಮೂರನೆಯದು, ಮುಯ್ಯಾಳು. ವರ್ಷಕ್ಕೆ ಒಂದು ದಿನ, ಕಾರಹುಣ್ಣಿಮೆಗೆ ಮುಂಚಿನ ಒಂದು ಭಾನುವಾರ, ಸದಸ್ಯರ ಮನೆಗೊಬ್ಬರಂತೆ ಕೂಡಿ ಅಗಸಿ, ಬಾವಿ, ಗುಡ್ಡದ ನೀರಿನ ದಾರಿ ಸ್ವಚ್ಛ ಮಾಡೋಣ. ಗುಳೆ ಹೋದವರ, ಒಂಟಿ ಮುದುಕಿಯರ ಮನೆಗಳ ಮಾಳಿಗೆಗೂ ಅಂದೇ ಸವಳು ಹಾಕೋಣ. ಲಾಭದಲ್ಲಿ ಧರ್ಮಾರ್ಥಕ್ಕೆಂದು ತೆಗೆದಿಡುವ ಹಣದಲ್ಲಿ ಅಂದಿನ ಊಟದ ಖರ್ಚು ಹೋದರೆ ಯಾವ ಸದಸ್ಯರೂ ಬೇಡ ಎನ್ನಲಾರರು.

ನಾಲ್ಕನೆಯದು, ಗುಡ್ಡ. ಇದು ಕಠಿಣ ಮಾತು. ರಸ್ತೆಗೆ ಜಲ್ಲಿ ಬೇಕು, ಮನೆಗೆ ಕಲ್ಲು ಬೇಕು, ಬಂಡೆ ಒಡೆದು ಹೊಟ್ಟೆ ಹೊರೆಯುವ ಕುಟುಂಬಗಳು ನಮ್ಮಲ್ಲೇ ಇವೆ. ಅವರ ಹೊಟ್ಟೆಯ ಮೇಲೆ ಹೊಡೆಯುವುದು ನಮ್ಮ ಉದ್ದೇಶವಲ್ಲ. ಉಳಿ ಸುತ್ತಿಗೆಯಿಂದ ಒಡೆಯುವವನು ಒಂದು ತಲೆಮಾರಿನಲ್ಲಿ ಗುಡ್ಡ ಮುಗಿಸುವುದಿಲ್ಲ, ಯಂತ್ರ ಮತ್ತು ಮದ್ದು ಐದು ವರ್ಷದಲ್ಲ ಮುಗಿಸುತ್ತವೆ. ಯಾವ ಗುಡ್ಡದಲ್ಲಿ ಗುಡಿ, ಗವಿ, ಗೀರುಚಿತ್ರ, ನೀರಿನ ಸೆಲೆ ಇದೆಯೋ ಅದನ್ನು ಮುಟ್ಟಬಾರದು ಎಂದು ಗ್ರಾಮಸಭೆಯಲ್ಲಿ ಠರಾವು ಬರೆಸೋಣ. ಕೇಂದ್ರದ ಸಂರಕ್ಷಿತ ಸ್ಮಾರಕಗಳ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ, ಗಣಿಗಾರಿಕೆ ನಿಷಿದ್ಧ ಎಂಬ ಕಾನೂನು ಇದೆ. ಪಟ್ಟಿಯಲ್ಲಿಲ್ಲದ ಗುಡ್ಡಕ್ಕೆ ಊರೇ ಕಾನೂನು. ಹಾಗೆಯೇ ನಿಧಿಯ ಆಸೆಗೆ ರಾತ್ರಿ ಹೋಗಿ ಗುಡಿಯ ಬುಡ, ಲಿಂಗದ ಪೀಠ ಅಗೆಯುವವರ ಬಗ್ಗೆ ಎಚ್ಚರ ಬೇಕು. ಗುಡ್ಡ ಅಗೆದು ಇಲಿ ಹಿಡಿದರು ಎಂಬ ಗಾದೆ ಇವರಿಗೇ ಹುಟ್ಟಿದ್ದು. ಇಲಿಯೂ ಸಿಗುವುದಿಲ್ಲ, ಊರಿನ ಚರಿತ್ರೆ ಮಾತ್ರ ಹೋಗುತ್ತದೆ.

ಕೊನೆಯದಾಗಿ

ಇಪ್ಪತ್ತೈದು ವರ್ಷದ ಹಿಂದೆ ಹತ್ತು ಹತ್ತು ರೂಪಾಯಿ ಕೂಡಿಸಿ ಸಂಘ ಏಕೆ, ಇದೆಲ್ಲ ನಡೆಯುತ್ತದೆಯೇ ಎಂದು ಕೇಳಿದವರು ಊರಲ್ಲಿ ಇದ್ದೇ ಇದ್ದರು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬುದನ್ನು ಸದಸ್ಯರು ಮಾಡಿ ತೋರಿಸಿದ್ದಾರೆ. ಬೀಜಕ್ಕೂ ಗೊಬ್ಬರಕ್ಕೂ ಸಾಹುಕಾರನ ಬಾಗಿಲು ಕಾಯುವುದನ್ನು ತಪ್ಪಿಸಿದ ಸಂಘ, ಊರನ್ನು ಕಾಯುವುದಕ್ಕೂ ಮುಂದೆ ಬರಬಹುದು ಎಂಬುದು ನಮ್ಮ ನಂಬಿಕೆ. ಪ್ರಾಚ್ಯ ಇಲಾಖೆ ಕೋಟೆ ನೋಡಿಕೊಳ್ಳಲಿ, ಪಂಚಾಯಿತಿ ರಸ್ತೆ ನೋಡಿಕೊಳ್ಳಲಿ. ಪಕ್ಕದ ಮನೆಯ ಮಾಳಿಗೆ ಸೋರುತ್ತಿದೆಯೇ ಎಂದು ನೋಡಬೇಕಾದವರು ನಾವೇ.

ರಾಯಚೂರು ಕೋಟೆಯ ಕಲ್ಲನ್ನು ಎಳೆದವರ ಹೆಸರು ಯಾರಿಗೂ ಗೊತ್ತಿಲ್ಲ. ಹೆಸರಿಗಾಗಿ ಅವರು ಎಳೆಯಲಿಲ್ಲ. ನಾವು ಎಳೆಯಬೇಕಾದ ಕಲ್ಲು ಅಷ್ಟು ದೊಡ್ಡದೂ ಅಲ್ಲ. ಬರುವ ಮಿರಗಕ್ಕೆ ಮುಂಚೆ ಊರಿನ ಒಂದು ಅಗಸಿ, ಒಂದು ಬಾವಿ, ನಾಲ್ಕು ಮಾಳಿಗೆ. ಅಷ್ಟರಿಂದ ಆರಂಭವಾಗಲಿ. ಸದಸ್ಯ ಬಾಂಧವರು ಬರುವ ಮಹಾಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತಾ, ಸಂಘ ಸುವರ್ಣ ಮಹೋತ್ಸವ ಕಾಣಲಿ, ಆ ದಿನ ಮೆರವಣಿಗೆ ಹೊರಡುವುದಕ್ಕೆ ನಮ್ಮ ಹಳೆಯ ಅಗಸಿಯೂ ನಿಂತಿರಲಿ ಎಂದು ಹಾರೈಸುತ್ತೇವೆ.